ನೆನೆದ ಸಂಖ್ಯೆಯನ್ನು ಹೇಳುವ ಲೆಕ್ಕ

‘ಮನಸ್ಸಿನಲ್ಲಿ ಒಂದು ಸಂಖ್ಯೆ ನೆನೆಸಿಕೊಳ್ಳಿ’ ಎಂದು ಶುರುವಾಗುವ ಆಟಗಳಲ್ಲಿ ಹಳೆಯದೂ ಸರಳವೂ ಆದದ್ದು ಹಿಂದಕ್ಕೆ ನಡೆಯುವ ಲೆಕ್ಕ. ಕೊನೆಯ ಉತ್ತರದಿಂದ ಹೊರಟು, ಗುಣಿಸಿದ ಕಡೆ ಭಾಗಿಸಿ, ಕೂಡಿದ ಕಡೆ ಕಳೆದರೆ ನೆನೆದ ಸಂಖ್ಯೆ ಸಿಕ್ಕೇ ಸಿಗುತ್ತದೆ. ಸುಮಾರು 499ರ ‘ಆರ್ಯಭಟೀಯ’ದಲ್ಲೇ ಈ ನಿಯಮವಿದೆ. 1150ರಲ್ಲಿ ‘ಲೀಲಾವತಿ’ ಬರೆದ ಭಾಸ್ಕರಾಚಾರ್ಯ ಇದಕ್ಕೊಂದು ಸೊಗಸಾದ ಉದಾಹರಣೆ ಕೊಟ್ಟ. ಸಂಖ್ಯೆಯನ್ನು 3ರಿಂದ ಗುಣಿಸಿ, ಬಂದದ್ದರ ಮುಕ್ಕಾಲನ್ನು ಅದಕ್ಕೇ ಕೂಡಿ, 7ರಿಂದ ಭಾಗಿಸಿ, ಮೂರನೇ ಒಂದು ಪಾಲು ಕಳೆದು, ವರ್ಗ ಮಾಡಿ, 52 ಕಳೆದು, ವರ್ಗಮೂಲ ತೆಗೆದು, 8 ಕೂಡಿ, 10ರಿಂದ ಭಾಗಿಸಿದರೆ 2. ಹಿಂದಕ್ಕೆ ಬಂದರೆ 20, 12, 144, 196, 14, 21, 147, 84, ಕೊನೆಗೆ 28. ಎಡವುವುದು 147ರ ಹತ್ತಿರ. ಮುಕ್ಕಾಲು ಸೇರಿ ನಾಲ್ಕು ಪಾಲು ಏಳಾಗಿರುವುದರಿಂದ ಕಳೆಯಬೇಕಾದ್ದು ಮುಕ್ಕಾಲನ್ನಲ್ಲ, ಏಳರಲ್ಲಿ ಮೂರು ಪಾಲನ್ನು.

ನಿಜವಾಗಿ ಬೆರಗು ಹುಟ್ಟಿಸುವುದು ಶೇಷಗಳ ಆಟ. ಇಲ್ಲಿ ಕೊನೆಯ ಉತ್ತರವನ್ನೂ ಕೇಳುವುದಿಲ್ಲ. 105ಕ್ಕಿಂತ ಕಡಿಮೆಯ ಸಂಖ್ಯೆಯೊಂದನ್ನು 3, 5, 7ರಿಂದ ಬೇರೆಬೇರೆಯಾಗಿ ಭಾಗಿಸಿ ಉಳಿದದ್ದನ್ನಷ್ಟೇ ಹೇಳಿದರೆ ಸಾಕು. ಶೇಷಗಳು 2, 4, 3 ಎನ್ನೋಣ. ಅವನ್ನು ಕ್ರಮವಾಗಿ 70, 21, 15ರಿಂದ ಗುಣಿಸಿ ಕೂಡಿದರೆ 269. ಅದರಿಂದ 105ನ್ನು ಎರಡು ಸಲ ಕಳೆದರೆ 59. ಅದೇ ನೆನೆದ ಸಂಖ್ಯೆ. ಗುಟ್ಟಿರುವುದು ಆ ಮೂರು ಗುಣಕಗಳಲ್ಲಿ. 70ನ್ನು 5 ಮತ್ತು 7 ನಿಶ್ಶೇಷವಾಗಿ ಭಾಗಿಸುತ್ತವೆ, 3ರಿಂದ ಭಾಗಿಸಿದರೆ ಮಾತ್ರ 1 ಉಳಿಯುತ್ತದೆ. 21ಕ್ಕೆ 5ರ ಜೊತೆ, 15ಕ್ಕೆ 7ರ ಜೊತೆ ಇದೇ ಸಂಬಂಧ. ಹಾಗಾಗಿ ಒಂದರ ಶೇಷ ಇನ್ನೊಂದನ್ನು ಕೆಡಿಸುವುದಿಲ್ಲ.

ಚೀನಾದ ಪ್ರಾಚೀನ ಗಣಿತಗ್ರಂಥ ‘ಸುನ್‌ಝಿ ಸುವಾನ್‌ಜಿಂಗ್’ನಲ್ಲಿ ಇದೇ ಮೂರು ಭಾಜಕಗಳಿವೆ; ಅಲ್ಲಿಯ ಶೇಷಗಳು 2, 3, 2, ಉತ್ತರ 23. ಭಾರತದಲ್ಲಿ ಇಂಥ ಪ್ರಶ್ನೆಗಳನ್ನು ಬಿಡಿಸಿದ್ದು ಆರ್ಯಭಟನ ಕುಟ್ಟಕ ವಿಧಾನ. ಧಾನ್ಯ ಕುಟ್ಟಿ ನುಣ್ಣಗೆ ಮಾಡುವ ಹಾಗೆ ದೊಡ್ಡ ಸಂಖ್ಯೆಗಳನ್ನು ಮತ್ತೆಮತ್ತೆ ಭಾಗಿಸಿ ಚಿಕ್ಕದು ಮಾಡುವ ಈ ವಿಧಾನಕ್ಕೆ ಅದಕ್ಕಿಂತ ಒಪ್ಪುವ ಹೆಸರಿಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ ಇದನ್ನು ಕುಟ್ಟೀಕಾರವೆಂದು ಕರೆದು ಬಗೆಬಗೆಯ ಲೆಕ್ಕಗಳಿಗೆ ಹಚ್ಚಿದ.

ಯುರೋಪಿನಲ್ಲಿ ಈ ಶೇಷಗಳ ಲೆಕ್ಕ ಸಂಖ್ಯೆ ಊಹಿಸುವ ಆಟವಾಗಿಯೇ ಕಾಣುತ್ತದೆ: 1202ರಲ್ಲಿ ಫಿಬೊನಾಚ್ಚಿಯ ‘ಲಿಬೆರ್ ಅಬಾಚಿ’ಯಲ್ಲಿ, ನಂತರ 1612ರಲ್ಲಿ ಫ್ರಾನ್ಸಿನ ಬಾಶೆ ಹೊರತಂದ ಗಣಿತವಿನೋದದ ಪುಸ್ತಕದಲ್ಲಿ. 1801ರಲ್ಲಿ ಗೌಸ್ ಶೇಷಗಳ ಲೆಕ್ಕಕ್ಕೇ ಪ್ರತ್ಯೇಕ ಚಿಹ್ನೆ ಕೊಟ್ಟು ಅದನ್ನೊಂದು ಶಾಸ್ತ್ರವಾಗಿ ಕಟ್ಟಿದ.

ಆದರೆ ಶೇಷಗಳ ಆಟಕ್ಕೆ ಭಾಜಕಗಳನ್ನು ಮನಬಂದಂತೆ ಆರಿಸುವಂತಿಲ್ಲ. 4 ಮತ್ತು 6ರಿಂದ ಭಾಗಿಸಲು ಹೇಳಿದರೆ, 1 ನೆನೆದವರೂ 13 ನೆನೆದವರೂ ‘ಎರಡರಲ್ಲೂ 1 ಉಳಿಯಿತು’ ಎಂದೇ ಹೇಳುತ್ತಾರೆ.