ಊರು ತೋರಿಸಿದವರು, ಮಾತನಾಡಿಸಿದವರು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗಳಿಂದ ಒಂದು ಮಿಂಚಂಚೆ ಬಂದಿತು. ಆಕೆ ಉನ್ನತ ವ್ಯಾಸಂಗಕ್ಕೆಂದು ಇಂಗ್ಲೆಂಡಿಗೆ ಹೋಗಿ ಮೂರು ತಿಂಗಳಾಗಿದೆ. ಹೊರದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಪ್ರವಾಸದಲ್ಲಿ ಸುಮಾರು ಐವತ್ತು ಜನರನ್ನು ಬಸ್ಸಿನಲ್ಲಿ ಸ್ಟೋನ್‌ಹೆಂಜ್ ಮತ್ತು ಬಾತ್ ನಗರಗಳಿಗೆ ಕರೆದೊಯ್ದಿದ್ದರಂತೆ. ಕಲ್ಲುಗಳನ್ನೂ ರೋಮನರ ಸ್ನಾನಗೃಹವನ್ನೂ ಬಣ್ಣಿಸಿದ ಮೇಲೆ ಕೊನೆಯಲ್ಲಿ ಹೀಗೆ ಬರೆದಿದ್ದಳು: "ಇನ್ನೂರು ಚಿತ್ರ ತೆಗೆದೆ ಅಜ್ಜ. ಆದರೆ ಇಡೀ ದಿನ ನನ್ನನ್ನು ಮಾತನಾಡಿಸಿದವನು ಬಸ್ಸಿನ ಚಾಲಕನೊಬ್ಬನೇ."

ಆ ಸಾಲು ಕೆಲವು ದಿನ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ನಾನು ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳಿಗೆ ಎಷ್ಟೋ ವರ್ಷ ಮಕ್ಕಳನ್ನು ಕರೆದೊಯ್ದವನು. ಬಸ್ಸು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ತಲೆ ಎಣಿಸಿ, ಎಣಿಕೆ ಸರಿಯಾದರೆ ಕರ್ತವ್ಯ ಮುಗಿಯಿತೆಂದು ತೃಪ್ತಿಪಟ್ಟವನು. ಯಾವ ಮಗು ಗುಂಪಿನ ನಡುವೆಯೂ ಒಂಟಿಯಾಗಿತ್ತೆಂದು ನೋಡಿದ್ದೆನೇ? ಈ ಪ್ರಶ್ನೆಯ ಬೆನ್ನು ಹತ್ತಿ, ಪರದೇಶದಲ್ಲಿ ಓದುವ ವಿದ್ಯಾರ್ಥಿಗಳನ್ನು ಕೂಟಗಳಿಗೂ ಪ್ರವಾಸಗಳಿಗೂ ಕರೆದೊಯ್ಯುವ ಪದ್ಧತಿ ನಮ್ಮವರ ಪಾಲಿಗೆ ಹೇಗೆ ಬೆಳೆದು ಬಂದಿತೆಂದು ಹಳೆಯ ಪುಸ್ತಕಗಳನ್ನು ತಿರುವಿ ಹಾಕಿದೆ. ಕಂಡದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಈ ಕಥೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದಿಂದ ಆರಂಭವಾಗುತ್ತದೆ. ರಾಜಾ ರಾಮಮೋಹನ ರಾಯರು 1833ರಲ್ಲಿ ತೀರಿಕೊಂಡದ್ದು ಅಲ್ಲಿಯೇ. ಆಗ ಅವರನ್ನು ಕಂಡು ಪ್ರಭಾವಿತಳಾಗಿದ್ದ ಮೇರಿ ಕಾರ್ಪೆಂಟರ್ ಎಂಬ ತರುಣಿ ಮುಂದೆ ಬಡಮಕ್ಕಳ ಶಿಕ್ಷಣಕ್ಕಾಗಿ ದುಡಿದು ಹೆಸರಾದಳು. ನಾಲ್ಕು ಬಾರಿ ಭಾರತಕ್ಕೂ ಬಂದುಹೋದಳು. ಕೇಶವಚಂದ್ರ ಸೇನರು ಇಂಗ್ಲೆಂಡಿಗೆ ಹೋಗಿದ್ದ 1870ರಲ್ಲಿ ಆಕೆ ನ್ಯಾಷನಲ್ ಇಂಡಿಯನ್ ಅಸೋಸಿಯೇಷನ್ ಎಂಬ ಸಂಘವನ್ನು ಸ್ಥಾಪಿಸಿದಳು. ಭಾರತದ ಸ್ತ್ರೀಶಿಕ್ಷಣಕ್ಕೆ ನೆರವಾಗುವುದು, ಎರಡು ದೇಶಗಳ ಜನರ ನಡುವೆ ಪರಿಚಯ ಬೆಳೆಸುವುದು ಅದರ ಉದ್ದೇಶಗಳು. ಬ್ಯಾರಿಸ್ಟರ್ ಪದವಿಗೂ ವೈದ್ಯಕೀಯಕ್ಕೂ ಸಿವಿಲ್ ಸರ್ವಿಸ್ ಪರೀಕ್ಷೆಗೂ ಹಡಗು ಹತ್ತಿ ಬರುವ ಭಾರತೀಯ ತರುಣರ ಸಂಖ್ಯೆ ಏರತೊಡಗಿದಂತೆ, ಅವರ ಯೋಗಕ್ಷೇಮವೇ ಸಂಘದ ಮುಖ್ಯ ಕೆಲಸಗಳಲ್ಲೊಂದಾಯಿತು.

ಮೇರಿ ಕಾರ್ಪೆಂಟರ್ 1877ರಲ್ಲಿ ನಿಧನಹೊಂದಿದ ಮೇಲೆ ಲಂಡನ್ನಿನ ಎಲಿಜಬೆತ್ ಅಡಿಲೇಡ್ ಮ್ಯಾನಿಂಗ್ ಕಾರ್ಯದರ್ಶಿಯ ಹೊಣೆ ಹೊತ್ತು, 1905ರಲ್ಲಿ ತಾವು ಕಣ್ಣು ಮುಚ್ಚುವವರೆಗೂ ನಡೆಸಿದರು. ಸಂಜೆಯ ಕೂಟಗಳು, ಉಪನ್ಯಾಸಗಳು, ಪ್ರೇಕ್ಷಣೀಯ ಸ್ಥಳಗಳ ಸಂದರ್ಶನ ಎಲ್ಲವೂ ಅವರ ಮೇಲ್ವಿಚಾರಣೆಯಲ್ಲಿ ನಡೆಯುತ್ತಿದ್ದವು. ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿದ ಮೊದಲ ಮಹಿಳೆ ಕಾರ್ನೀಲಿಯಾ ಸೊರಾಬ್ಜಿ 1889ರಲ್ಲಿ ಇಂಗ್ಲೆಂಡಿಗೆ ಬಂದಾಗ ಅವರನ್ನು ಬರಮಾಡಿಕೊಂಡವರೂ ಇದೇ ಮಿಸ್ ಮ್ಯಾನಿಂಗ್.

ಅವರ ಮನೆಗೆ ಬರುತ್ತಿದ್ದವರಲ್ಲಿ ಕಾನೂನು ವಿದ್ಯಾರ್ಥಿಯಾಗಿದ್ದ ಮೋಹನದಾಸ ಗಾಂಧಿಯೂ ಒಬ್ಬರು. 1888ರಿಂದ 1891ರವರೆಗೆ ಲಂಡನ್ನಿನಲ್ಲಿದ್ದ ಗಾಂಧೀಜಿಯವರು ಆ ದಿನಗಳ ಸಂಕೋಚವನ್ನು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಮಿಸ್ ಮ್ಯಾನಿಂಗ್ ಅವರ ಮನೆಗೆ ಹೋದಾಗ ಬಾಯಿಗೆ ಬೀಗ ಹಾಕಿದವರಂತೆ ಕುಳಿತಿರುತ್ತಿದ್ದರು. ಯಾರಾದರೂ ಮಾತನಾಡಿಸಿದರೆ ಮಾತ್ರ ಉತ್ತರ. ಮನೆಯೊಡತಿ ಅದನ್ನು ಗಮನಿಸಿದ್ದರು. ಗುಜರಾತಿ ಲೇಖಕ ನಾರಾಯಣ ಹೇಮಚಂದ್ರರು ಇಂಗ್ಲಿಷ್ ಬಾರದೆ, ವಿಚಿತ್ರ ಉಡುಪಿನಲ್ಲಿ ಅಲ್ಲಿಗೆ ಬಂದಾಗ ಅವರನ್ನು ಗಾಂಧೀಜಿಗೆ ಪರಿಚಯ ಮಾಡಿಸಿದರು. ಗಾಂಧೀಜಿ ಅವರಿಗೆ ಇಂಗ್ಲಿಷ್ ಪಾಠ ಹೇಳತೊಡಗಿದರು. ಒಮ್ಮೆ ಹೇಮಚಂದ್ರರು ಎಲ್ಲಿಂದಲೋ ಹೆಸರುಕಾಳು ಸಂಪಾದಿಸಿ, ಬೇಯಿಸಿ ಗಾಂಧೀಜಿಯ ಕೋಣೆಗೆ ತಂದರು. ಅಂದಿನಿಂದ ಇಬ್ಬರೂ ತಾವು ಮಾಡಿದ ಅಡುಗೆಯನ್ನು ಪರಸ್ಪರ ಹಂಚಿಕೊಳ್ಳುವ ಪರಿಪಾಠವೇ ಬೆಳೆಯಿತು.

ಅದೇ ಆತ್ಮಕಥೆಯಲ್ಲಿ ಪ್ಯಾರಿಸ್ ಮಹಾಪ್ರದರ್ಶನದ ಪ್ರವಾಸವೂ ಇದೆ. ಐಫೆಲ್ ಗೋಪುರದ ಮೊದಲ ಅಂತಸ್ತಿನಲ್ಲಿ ಊಟ ಮಾಡಿದೆನೆಂದು ಹೇಳಿಕೊಳ್ಳುವ ಆಸೆಗಾಗಿ ಏಳು ಶಿಲ್ಲಿಂಗ್ ಕಳೆದೆನೆಂದು ಅವರು ನಗುತ್ತಾರೆ. ಗೋಪುರದ ಮೇಲಿನ ದುಬಾರಿ ಊಟ ಒಂದು ಕಡೆ, ಬಾಡಿಗೆ ಕೋಣೆಯ ಹೆಸರುಕಾಳು ಇನ್ನೊಂದು ಕಡೆ. ಅವರು ಪ್ರೀತಿಯಿಂದ ನೆನೆಯುವುದು ಎರಡನೆಯದನ್ನು.

ಆದರೆ ಆತಿಥ್ಯಕ್ಕೆ ಇನ್ನೊಂದು ಮುಖವೂ ಇತ್ತು. ನಮ್ಮ ಭಾಷೆಯಲ್ಲಿ 'ನೋಡಿಕೊಳ್ಳುವುದು' ಎಂದರೆ ಪಾಲನೆ. 'ಕಣ್ಣಿಡುವುದು' ಎಂದರೆ ಕಾವಲು. ಎರಡನ್ನೂ ಮಾಡುವುದು ಕಣ್ಣೇ. ಆಳುವವರು ಆಳಿಸಿಕೊಳ್ಳುವವರನ್ನು ಔತಣಕ್ಕೆ ಕರೆದಾಗ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಯಿತೆಂದು ತಿಳಿಯುವುದು ಕಷ್ಟ. ವಂಗಭಂಗದ ಚಳವಳಿ ಕಾವೇರಿದ ಮೇಲೆ ಭಾರತೀಯ ವಿದ್ಯಾರ್ಥಿಗಳ ರಾಜಕೀಯ ಸರ್ಕಾರವನ್ನು ಚಿಂತೆಗೀಡುಮಾಡಿತು. ಶ್ಯಾಮ್‌ಜಿ ಕೃಷ್ಣವರ್ಮರು 1905ರಲ್ಲಿ ಲಂಡನ್ನಿನ ಹೈಗೇಟಿನಲ್ಲಿ ತೆರೆದಿದ್ದ ಇಂಡಿಯಾ ಹೌಸ್ ಎಂಬ ವಿದ್ಯಾರ್ಥಿನಿಲಯ ಕ್ರಾಂತಿಕಾರಿಗಳ ನೆಲೆಯಾಗಿತ್ತು. ವಿದ್ಯಾರ್ಥಿಗಳ ಸ್ಥಿತಿಗತಿ ವಿಚಾರಿಸಲು 1907ರಲ್ಲಿ ಸರ್ ವಿಲಿಯಂ ಲೀ-ವಾರ್ನರ್ ಅವರ ಸಮಿತಿಯೊಂದು ನೇಮಕವಾಯಿತು.

1909ರ ಜುಲೈ 1ರ ರಾತ್ರಿ ಲಂಡನ್ನಿನ ಇಂಪೀರಿಯಲ್ ಇನ್‌ಸ್ಟಿಟ್ಯೂಟಿನಲ್ಲಿ ಇದೇ ನ್ಯಾಷನಲ್ ಇಂಡಿಯನ್ ಅಸೋಸಿಯೇಷನ್ನಿನ ವಾರ್ಷಿಕ ಸಂತೋಷಕೂಟ ನಡೆಯಿತು. ಅತಿಥಿಗಳು ಹೊರಡುವ ಹೊತ್ತಿಗೆ ಮದನಲಾಲ್ ಧಿಂಗ್ರಾ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ ಭಾರತ ಮಂತ್ರಿಯ ಕಚೇರಿಯ ಅಧಿಕಾರಿ ಸರ್ ಕರ್ಜನ್ ವೈಲಿಯನ್ನು ಗುಂಡಿಟ್ಟು ಕೊಂದನು. ಅಡ್ಡಬಂದ ಪಾರ್ಸಿ ವೈದ್ಯ ಡಾ. ಲಾಲಕಾಕಾ ಅವರೂ ಪ್ರಾಣ ಕಳೆದುಕೊಂಡರು. ಆಗಸ್ಟ್ 17ರಂದು ಧಿಂಗ್ರಾನಿಗೆ ಗಲ್ಲಾಯಿತು. ಈ ಪ್ರಸಂಗದ ಒಂದು ವಿವರ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ತಮ್ಮನಿಗೆ ಬುದ್ಧಿ ಹೇಳಿ ನೋಡಿಕೊಳ್ಳಬೇಕೆಂದು ಧಿಂಗ್ರಾನ ಅಣ್ಣನೇ ವೈಲಿಗೆ ಪತ್ರ ಬರೆದಿದ್ದನು. ಅದರಂತೆ ವೈಲಿ ಆ ವರ್ಷದ ವಸಂತದಲ್ಲಿ ಧಿಂಗ್ರಾನಿಗೆ ಕಾಗದ ಬರೆದಿದ್ದನು. ಅಣ್ಣ ಕೇಳಿದ್ದು ಪಾಲನೆ. ತಮ್ಮನ ಕಣ್ಣಿಗೆ ಕಂಡದ್ದು ಕಾವಲು. ವೈಲಿಯನ್ನು ಅವನು ಎದುರುಗೊಂಡದ್ದು ದೀಪಾಲಂಕೃತವಾದ ಆ ಸ್ನೇಹಕೂಟದಲ್ಲಿಯೇ. ಸರಿ ತಪ್ಪುಗಳ ತೀರ್ಮಾನ ಇಲ್ಲಿ ನನ್ನ ಉದ್ದೇಶವಲ್ಲ. ನಂಬಿಕೆಯಿಲ್ಲದ ಕಡೆ ಆತಿಥ್ಯವೂ ಅನುಮಾನಕ್ಕೆ ಎಡೆಗೊಡುತ್ತದೆ ಎಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನವನ್ನು ನಾನು ಕಂಡಿಲ್ಲ.

ಮರುವರ್ಷ, 1910ರಲ್ಲಿ, ಲಂಡನ್ನಿನ 21 ಕ್ರಾಮ್‌ವೆಲ್ ರಸ್ತೆಯ ಕಟ್ಟಡ ವಿದ್ಯಾರ್ಥಿಗಳಿಗಾಗಿ ತೆರೆಯಿತು. ಹೊಸದಾಗಿ ಬಂದವರಿಗೆ ತಂಗಲು ಸ್ಥಳ, ಮಾಹಿತಿ ಕೊಡುವ ಸರ್ಕಾರಿ ಕಚೇರಿ, ನಾವು ಮೇಲೆ ಕಂಡ ಸಂಘ, ಎಲ್ಲವೂ ಒಂದೇ ಸೂರಿನಡಿ. ಅನೇಕ ವಿದ್ಯಾರ್ಥಿಗಳು ಅದನ್ನು ಗೂಢಚಾರರ ಮನೆಯೆಂದೇ ಸಂಶಯಿಸಿ ದೂರ ಉಳಿದರು.

ತಮ್ಮ ಹಬ್ಬವನ್ನು ತಾವೇ ಮಾಡಿಕೊಂಡ ಸಂದರ್ಭವೂ ಉಂಟು. ವೈಲಿಯ ಕೊಲೆಯಾಗಿ ನಾಲ್ಕು ತಿಂಗಳೂ ಕಳೆದಿರಲಿಲ್ಲ. 1909ರ ಅಕ್ಟೋಬರಿನಲ್ಲಿ ಲಂಡನ್ನಿನ ಭಾರತೀಯರು ಸೇರಿ ವಿಜಯದಶಮಿಯ ಔತಣವನ್ನು ಏರ್ಪಡಿಸಿದರು. ದಕ್ಷಿಣ ಆಫ್ರಿಕದ ಭಾರತೀಯರ ಪರವಾಗಿ ನಿಯೋಗ ಬಂದಿದ್ದ ಗಾಂಧೀಜಿ ಅಧ್ಯಕ್ಷರು. ವಿನಾಯಕ ದಾಮೋದರ ಸಾವರ್ಕರ್ ಭಾಷಣಕಾರರು. ವಿವಾದಾತ್ಮಕ ರಾಜಕೀಯವನ್ನು ಎತ್ತಬಾರದೆಂಬುದು ಗಾಂಧೀಜಿಯವರ ಷರತ್ತು. ಇಬ್ಬರೂ ರಾಮಾಯಣದ ನೆಪದಲ್ಲಿ ತಮ್ಮ ತಮ್ಮ ದಾರಿಯನ್ನು ಸೂಚಿಸಿದರು. ಇಪ್ಪತ್ತು ವರ್ಷಗಳ ಹಿಂದೆ ಮಿಸ್ ಮ್ಯಾನಿಂಗ್ ಅವರ ಮನೆಯಲ್ಲಿ ಮೂಕನಾಗಿ ಕುಳಿತಿದ್ದ ತರುಣನೇ ಈಗ ಅಧ್ಯಕ್ಷ ಪೀಠದಲ್ಲಿದ್ದದ್ದು ಮನಸ್ಸಿಗೆ ಮುದ ಕೊಡುವ ಸಂಗತಿ.

ಸುಮಾರು ಇದೇ ಕಾಲದಲ್ಲಿ ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿ, ನ್ಯೂಯಾರ್ಕಿನಲ್ಲಿ, ಇನ್ನೊಂದು ಬಗೆಯ ಪ್ರಯತ್ನ ಮೊಳೆಯಿತು. ವೈ.ಎಂ.ಸಿ.ಎ. ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಹ್ಯಾರಿ ಎಡ್ಮಂಡ್ಸ್ ಒಂದು ಬೆಳಗ್ಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲ ಮೇಲೆ ಎದುರಾದ ಚೀನೀ ವಿದ್ಯಾರ್ಥಿಯೊಬ್ಬನಿಗೆ ಶುಭೋದಯ ಹೇಳಿ ಮುಂದೆ ನಡೆದರು. ಆ ಹುಡುಗ ಅವರನ್ನು ತಡೆದು, ತಾನು ಈ ಊರಿಗೆ ಬಂದು ವಾರಗಳೇ ಕಳೆದವೆಂದೂ ತನ್ನನ್ನು ಮಾತನಾಡಿಸಿದವರಲ್ಲಿ ನೀವೇ ಮೊದಲಿಗರೆಂದೂ ಕೃತಜ್ಞತೆಯಿಂದ ಹೇಳಿದನು. ಎಡ್ಮಂಡ್ಸ್ ಅವರಿಗೆ ಆ ಮಾತು ಚುಚ್ಚಿತು. ಪತ್ನಿಯೊಡನೆ ಆಲೋಚಿಸಿ ಭಾನುವಾರದ ಸಂಜೆಗಳಲ್ಲಿ ಹೊರದೇಶದ ವಿದ್ಯಾರ್ಥಿಗಳನ್ನು ತಮ್ಮ ಮನೆಗೆ ಊಟಕ್ಕೆ ಕರೆಯತೊಡಗಿದರು. ಬರುವವರು ಹೆಚ್ಚಿದರು, ಮನೆ ಸಾಲದಾಯಿತು. ಕೊನೆಗೆ ಕಿರಿಯ ಜಾನ್ ಡಿ. ರಾಕ್‌ಫೆಲರ್ ಅವರ ಧನಸಹಾಯದಿಂದ 1924ರಲ್ಲಿ ಇಂಟರ್‌ನ್ಯಾಷನಲ್ ಹೌಸ್ ಎದ್ದು ನಿಂತಿತು. 1930ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಅಂಥದೇ ಮನೆ ತೆರೆಯಿತು. ಎಲ್ಲ ಬಣ್ಣದವರೂ ಒಂದೇ ಸೂರಿನಡಿ ಇರುವುದೆಂದರೇನೆಂದು ಅಲ್ಲಿನ ನೆರೆಹೊರೆಯವರು ಪ್ರತಿಭಟಿಸಿದರೂ ಕೆಲಸ ನಿಲ್ಲಲಿಲ್ಲ. ಇಷ್ಟಕ್ಕೆಲ್ಲ ಮೂಲ ಮೆಟ್ಟಿಲ ಮೇಲಿನ ಒಂದು ನಮಸ್ಕಾರ!

ನಮ್ಮ ಕನ್ನಡಕ್ಕೂ ಈ ಪರದೇಶವಾಸದ ಋಣ ಸಂದಿದೆ. ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದರು. 'ಸಮುದ್ರ ಗೀತೆಗಳು' ಮತ್ತು ಪ್ರವಾಸಕಥನ 'ಸಮುದ್ರದಾಚೆಯಿಂದ' ಆ ಯಾನದ ಫಲಗಳು. ಎರಡನೆಯ ಮಹಾಯುದ್ಧದ ನಂತರ ವಿದ್ಯಾರ್ಥಿವೇತನಗಳು ಹೆಚ್ಚಿದವು. ಫುಲ್‌ಬ್ರೈಟ್ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 1950ರಲ್ಲಿ. ವಸಾಹತುಗಳ ವಿದ್ಯಾರ್ಥಿಗಳ ಯೋಗಕ್ಷೇಮದ ಹೊಣೆ ಬ್ರಿಟಿಷ್ ಕೌನ್ಸಿಲ್ಲಿಗೆ ಬಂದದ್ದೂ ಅದೇ ವರ್ಷ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಯೋಜನೆ 1959ರಲ್ಲಿ ರೂಪುಗೊಂಡಿತು.

ಆ ವಿದ್ಯಾರ್ಥಿವೇತನ ಪಡೆದು 1963ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋದ ಯು.ಆರ್. ಅನಂತಮೂರ್ತಿಯವರು ಅಲ್ಲಿ ಇಂಗ್ಮಾರ್ ಬರ್ಗ್‌ಮನ್ನನ 'ದ ಸೆವೆಂತ್ ಸೀಲ್' ಚಲನಚಿತ್ರವನ್ನು ನೋಡಿದರು. ಸ್ವೀಡಿಷ್ ಭಾಷೆಯ ಚಿತ್ರ. ಇಂಗ್ಲಿಷ್ ಅಡಿಬರಹವೂ ಇರಲಿಲ್ಲ. ಆದರೂ ಪ್ಲೇಗಿನ ಆ ಮಧ್ಯಯುಗ ಅವರನ್ನು ಅಲುಗಾಡಿಸಿತು. ತಮ್ಮ ಅಧ್ಯಾಪಕರಾಗಿದ್ದ ಕಾದಂಬರಿಕಾರ ಮಾಲ್ಕಂ ಬ್ರಾಡ್‌ಬರಿಯವರೊಡನೆ ಅದರ ಬಗ್ಗೆ ಮಾತನಾಡಿದರು. ಯೂರೋಪಿನವರು ಮಧ್ಯಯುಗವನ್ನು ಓದಿ ತಿಳಿಯಬೇಕು, ಭಾರತೀಯನಿಗಾದರೋ ಅದು ಇಂದಿನ ಬದುಕಿನೊಡನೆಯೇ ಜೀವಂತವಾಗಿದೆ ಎಂಬ ವಿಚಾರ ಆ ಮಾತುಕತೆಯಲ್ಲಿ ಸ್ಪಷ್ಟವಾಯಿತು. ಅನಂತಮೂರ್ತಿಯವರು ಬರೆಯಲು ಕುಳಿತರು. 1965ರಲ್ಲಿ 'ಸಂಸ್ಕಾರ' ಪ್ರಕಟವಾಯಿತು. ಒಂದು ಸಂಜೆಯ ಚಿತ್ರವೀಕ್ಷಣೆ ಕನ್ನಡಕ್ಕೆ ಒಂದು ದೊಡ್ಡ ಕಾದಂಬರಿಯನ್ನು ಕೊಟ್ಟಿತೆಂದು ಹೇಳುವವರುಂಟು. ಚಿತ್ರ ನೋಡಿದ ಮೇಲೆ ಮಾತನಾಡಲು ಒಬ್ಬ ಗುರು ಸಿಕ್ಕದ್ದು ಅಷ್ಟೇ ಮುಖ್ಯವೆಂದು ನನಗೆ ತೋರುತ್ತದೆ.

ಇಷ್ಟು ಓದಿದ ಮೇಲೆ ನಮ್ಮ ಮನೆಯಂಗಳವನ್ನೂ ನೋಡಿಕೊಳ್ಳಬೇಡವೇ? ಇಂದು ಮೈಸೂರು, ಬೆಂಗಳೂರು, ಮಣಿಪಾಲಗಳಲ್ಲಿ ಆಫ್ರಿಕ ಮತ್ತು ಏಷ್ಯದ ನಾನಾ ದೇಶಗಳ ಮಕ್ಕಳು ಓದುತ್ತಿದ್ದಾರೆ. ಮೌಲಾನಾ ಆಜಾದರು 1950ರಲ್ಲಿ ಸ್ಥಾಪಿಸಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಹೊರದೇಶದ ವಿದ್ಯಾರ್ಥಿಗಳಿಗಾಗಿ ಅಧ್ಯಯನ ಪ್ರವಾಸಗಳನ್ನೂ ಶಿಬಿರಗಳನ್ನೂ ನಡೆಸುತ್ತ ಬಂದಿದೆ. ಅದು ಒಳ್ಳೆಯ ಕೆಲಸ. ಆದರೆ 2016ರ ಜನವರಿಯಲ್ಲಿ ಬೆಂಗಳೂರಿನಲ್ಲಿ, ಬೇರೊಬ್ಬರು ಮಾಡಿದ ಅಪಘಾತದ ಸಿಟ್ಟಿಗೆ, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪೊಂದು ಹಲ್ಲೆ ಮಾಡಿತು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನಾಚಿಕೆಯಿಂದ ತಲೆ ತಗ್ಗಿತ್ತು. ಅರಮನೆಯನ್ನೂ ಹಂಪೆಯನ್ನೂ ನಾವು ಅವರಿಗೆ ತೋರಿಸಬಲ್ಲೆವು. ಪಕ್ಕದ ಬೀದಿಯ ಬಾಡಿಗೆ ಮನೆಯಲ್ಲಿರುವ ಆ ಮಕ್ಕಳಿಗೆ "ಊಟ ಆಯಿತೇ?" ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ನಾನೂ ಕೇಳಿದವನಲ್ಲ.

ಆ ಹುಡುಗಿಗೆ ಉತ್ತರ ಬರೆದಿದ್ದೇನೆ. ಮುಂದಿನ ಪ್ರವಾಸದಲ್ಲಿ ಕಿಟಕಿಯ ಪಕ್ಕ ಒಂಟಿಯಾಗಿ ಕುಳಿತ ಇನ್ನೊಬ್ಬರನ್ನು ಹುಡುಕಿ ನೀನೇ ಮೊದಲು ಮಾತನಾಡಿಸು, ಸಾಧ್ಯವಾದರೆ ಒಂದು ದಿನ ನಿನ್ನ ಕೋಣೆಗೆ ಕರೆದು ಚಿತ್ರಾನ್ನ ಮಾಡಿ ಬಡಿಸು ಎಂದು ಹೇಳಿದ್ದೇನೆ. ದೇಶ ಸುತ್ತು, ಕೋಶ ಓದು ಎಂದು ತರಗತಿಯಲ್ಲಿ ನಿಮಗೆಲ್ಲ ಎಷ್ಟು ಬಾರಿ ಹೇಳಿದ್ದೆನೋ ಲೆಕ್ಕವಿಲ್ಲ. ಸುತ್ತುವ ದೇಶದಲ್ಲಿ ಜನರೂ ಇದ್ದಾರೆಂಬುದನ್ನು ಸೇರಿಸಿ ಹೇಳಲು ಮರೆತಿದ್ದೆ. ಈಗ ಹೇಳಿದ್ದೇನೆ.

ನಿಮ್ಮಲ್ಲಿ ಅನೇಕರು ಪರದೇಶಗಳಲ್ಲಿ ಓದಿ ಬಂದವರು, ಇನ್ನು ಕೆಲವರು ಅಲ್ಲಿಯೇ ನೆಲೆಸಿದವರು. ಹೊಸ ಊರಿನಲ್ಲಿ ನಿಮ್ಮನ್ನು ಮೊದಲು ಮಾತನಾಡಿಸಿದವರು ಯಾರು? ಬಿಡುವಾದಾಗ ನಾಲ್ಕು ಸಾಲು ಬರೆದು ತಿಳಿಸಿ. ಎಲ್ಲರಿಗೂ ಶುಭವಾಗಲಿ.