ಕವಾಟದ ಸೋರಿಕೆ ಮತ್ತು ಒತ್ತಡಜನ್ಯ ಹೃದಯಸ್ನಾಯು ದೌರ್ಬಲ್ಯ: ಎರಡನೆಯ ಎಕೋದ ಅಗತ್ಯ

ಸೋಂಕಿಗೋ ಶಸ್ತ್ರಚಿಕಿತ್ಸೆಗೋ ಆಸ್ಪತ್ರೆ ಸೇರಿದ ವಯಸ್ಸಾದ ಹೆಂಗಸಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತದೆ. ಎಕೋ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆಯಲ್ಲಿ ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಯ ನಡುವಿನ ಮೈಟ್ರಲ್ ಕವಾಟ ಸೋರುತ್ತಿರುವುದು ಕಾಣುತ್ತದೆ. ಕೆಟ್ಟಿರುವುದು ಕವಾಟವೇ, ಅಥವಾ ಅದರ ಕೆಳಗಿನ ಎಡ ಹೃತ್ಕುಕ್ಷಿ ತಾತ್ಕಾಲಿಕವಾಗಿ ಸೋತಿದೆಯೇ? ಒಂದೇ ಎಕೋ ನೋಡಿ ಇದನ್ನು ತೀರ್ಮಾನಿಸಬಾರದು ಎಂಬುದು ಈ ಟಿಪ್ಪಣಿಯ ವಾದ.

ನಮ್ಮಲ್ಲಿ ಕವಾಟದ ಕಾಯಿಲೆಗೆ ಇಂದಿಗೂ ಮುಖ್ಯ ಕಾರಣಗಳಲ್ಲೊಂದು ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್‌ನಿಂದ ಬರುವ ಗಂಟಲುನೋವು ಅದರ ಮೂಲ. ವರ್ಷಗಳು ಕಳೆದಂತೆ ಕವಾಟದ ಎಸಳುಗಳು ದಪ್ಪಗಾಗಿ ಅಂಚಿನಲ್ಲಿ ಬೆಸೆದುಕೊಳ್ಳುತ್ತವೆ; ಸರಿಯಾಗಿ ಮುಚ್ಚದೆ ಕವಾಟ ಸೋರಬಹುದು, ಸರಿಯಾಗಿ ತೆರೆಯದೆ ದಾರಿ ಕಿರಿದಾಗಲೂಬಹುದು. 4ರಿಂದ 6 ಚದರ ಸೆಂ.ಮೀ. ಇರಬೇಕಾದ ದಾರಿ 1.5ಕ್ಕೆ ಇಳಿದರೆ ಅದು ತೀವ್ರ ಸ್ಥಿತಿ. ಜಪಾನಿನ ಕಾಂಜಿ ಇನೊವೆ 1984ರಲ್ಲಿ ಪ್ರಕಟಿಸಿದ ಬಲೂನ್ ಚಿಕಿತ್ಸೆ ಇಂಥ ಕವಾಟವನ್ನು ಎದೆ ಸೀಳದೆ ಬಿಡಿಸುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯೂ ಅದರ ನಿರ್ದೇಶಕರಾಗಿದ್ದ ಡಾ. ಸಿ. ಎನ್. ಮಂಜುನಾಥ್ ಅವರೂ ಈ ಚಿಕಿತ್ಸೆಗೆ ಹೆಸರಾದವರು.

ಟಾಕೋತ್ಸುಬೊ ಎಂಬ ಒತ್ತಡಜನ್ಯ ದೌರ್ಬಲ್ಯದ ಬಗೆ ಬೇರೆ. ಹಿರೋಷಿಮಾದ ಸಾಟೊ ಮತ್ತು ಸಂಗಡಿಗರು 1990ರಲ್ಲಿ ಅದನ್ನು ವಿವರಿಸಿದರು. ದುಃಖ, ಭಯ, ತೀವ್ರ ಕಾಯಿಲೆಯಿಂದ ಅಡ್ರಿನಲಿನ್ ಉಕ್ಕಿದಾಗ ಎಡ ಹೃತ್ಕುಕ್ಷಿಯ ತುದಿ ಕುಗ್ಗಲಾರದೆ ಉಬ್ಬುತ್ತದೆ. ಬುಡ ಮಾತ್ರ ಜೋರಾಗಿ ಕುಗ್ಗುತ್ತದೆ. ಇಸಿಜಿ, ರಕ್ತದಲ್ಲಿನ ಟ್ರೋಪೋನಿನ್ ಎರಡೂ ಹೃದಯಾಘಾತವನ್ನೇ ಹೋಲುತ್ತವೆ. ಆಂಜಿಯೋಗ್ರಾಂನಲ್ಲಿ ಮಾತ್ರ ಸ್ನಾಯುವಿನ ಸೋಲನ್ನು ವಿವರಿಸುವ ತಡೆ ಹೃದಯದ ರಕ್ತನಾಳಗಳಲ್ಲಿ ಕಾಣುವುದಿಲ್ಲ. ರೋಗಿಗಳಲ್ಲಿ ಸುಮಾರು ಶೇ. 90 ಮಂದಿ ಹೆಂಗಸರು, ಹೆಚ್ಚಿನವರು ಮುಟ್ಟು ನಿಂತವರು. ಬುಡದ ಬಿರುಸಿಗೆ ಮೈಟ್ರಲ್ ಎಸಳು ರಕ್ತ ಹೊರಹೋಗುವ ದಾರಿಗೆ ಎಳೆಯಲ್ಪಟ್ಟರೆ ಅಲ್ಲಿ ತಡೆಯೂ ಕವಾಟದಲ್ಲಿ ಸೋರಿಕೆಯೂ ಒಟ್ಟಿಗೆ ಉಂಟಾಗುತ್ತವೆ. ಆಗ ರಕ್ತದೊತ್ತಡ ಕುಸಿದಿದೆಯೆಂದು ಹೃದಯವನ್ನು ಇನ್ನೂ ಜೋರಾಗಿ ಕುಗ್ಗಿಸುವ ಡೊಬುಟಮಿನ್‌ನಂಥ ಔಷಧ ಕೊಟ್ಟರೆ ಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ.

ಎಸಳು ದಪ್ಪಗಾಗಿ ಬೆಸೆದಿದ್ದು ಎಡ ಹೃತ್ಕರ್ಣ ಹಿಗ್ಗಿದ್ದರೆ ಅದು ಹಳೆಯ ಕಾಯಿಲೆ. ಎಸಳು ತೆಳ್ಳಗಿದ್ದು ತುದಿ ಉಬ್ಬಿದ್ದರೆ ಒತ್ತಡದ ಗುಮಾನಿ ಬಲವಾಗುತ್ತದೆ. ಎರಡೂ ಒಬ್ಬರಲ್ಲೇ ಇರಬಹುದು. ಆದರೆ ಸೋತ ಸ್ನಾಯು ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ, ಅದರಿಂದಾದ ಸೋರಿಕೆಯೂ ತಗ್ಗುತ್ತದೆ; ಬೆಸೆದ ಕವಾಟ ತಾನಾಗಿ ಬಿಡಿಸಿಕೊಳ್ಳುವುದಿಲ್ಲ. ಕೆಲವು ವಾರಗಳ ನಂತರದ ಎರಡನೆಯ ಎಕೋ ಈ ವ್ಯತ್ಯಾಸವನ್ನು ತೋರಿಸುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಂಥ ಊರುಗಳ ರೋಗಿಗಳಿಗೆ ಈ ವ್ಯತ್ಯಾಸ ಮುಖ್ಯ. ಪರಿಣತ ಚಿಕಿತ್ಸೆಗೆ ಇಲ್ಲಿಯವರು ಸುಮಾರು 50–60 ಕಿ.ಮೀ. ದೂರದ ಬೆಂಗಳೂರಿಗೆ ಹೋಗುತ್ತಾರೆ. ಚೇತರಿಕೆ ಊರಿನಲ್ಲೇ ಆಗುತ್ತದೆ. ಹಾಗಾಗಿ ಬಿಡುಗಡೆ ಚೀಟಿಯಲ್ಲೇ ಎರಡನೆಯ ಎಕೋದ ದಿನಾಂಕ ಬರೆದಿರಬೇಕು, ಮೊದಲ ಎಕೋದ ವರದಿ ರೋಗಿಯ ಕೈಯಲ್ಲಿರಬೇಕು. ತುರ್ತು ಇಲ್ಲದಿದ್ದರೆ ಕವಾಟದ ಶಸ್ತ್ರಚಿಕಿತ್ಸೆಯ ಮಾತು ಆಮೇಲೆ. ರುಮ್ಯಾಟಿಕ್ ಕಾಯಿಲೆ ಖಚಿತವಾದವರಿಗೆ 3–4 ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ತಪ್ಪದೆ ಸಿಗಬೇಕು. ವಾಸಿಯಾಗುವ ಹೃದಯದ ಮೇಲೆ ಕತ್ತರಿ ಬೀಳಬಾರದು. ಕೆಟ್ಟ ಕವಾಟವಿರುವ ಹೆಂಗಸನ್ನು ‘ಮನಸ್ಸಿಗೆ ಹಚ್ಚಿಕೊಂಡಿದ್ದೀರಿ’ ಎಂದು ಮನೆಗೆ ಕಳಿಸಲೂಬಾರದು.