ಒಂದೇ ಹಾರಾಟ, ಎರಡು ಸೂರ್ಯೋದಯ

1942ರಲ್ಲಿ ಜಪಾನ್ ಸಿಂಗಾಪುರ ಹಿಡಿದಾಗ ಆಸ್ಟ್ರೇಲಿಯಾ–ಲಂಡನ್ ವಿಮಾನದ ದಾರಿಯೇ ಕಡಿದುಹೋಯ್ತು. ಮರುವರ್ಷ ಕ್ವಾಂಟಾಸ್ ಕಂಪನಿ ಪರ್ತ್‌ನಿಂದ ಶ್ರೀಲಂಕಾದ ಕೊಗ್ಗಲ ಕೆರೆಗೆ ಕ್ಯಾಟಲಿನಾ ವಿಮಾನ ಹಾರಿಸಿತು. ಇದು ನೀರಿನ ಮೇಲೇ ಇಳಿಯೋ ವಿಮಾನ.

ದೂರ ಸುಮಾರು 5,600 ಕಿ.ಮೀ., ನಡುವೆ ಎಲ್ಲೂ ನಿಲುಗಡೆ ಇಲ್ಲ. ಹಿಡೀತಿದ್ದ ಸಮಯ 27ರಿಂದ 33 ಗಂಟೆ! ಇಂಧನದ ಭಾರವೇ ಅಷ್ಟಿದ್ದರಿಂದ ಮೂವರು ಪ್ರಯಾಣಿಕರಿಗಷ್ಟೇ ಜಾಗ. ಶತ್ರುಗಳಿಗೆ ಸುಳಿವು ಸಿಗಬಾರದು ಅಂತ ರೇಡಿಯೋದಲ್ಲಿ ಮಾತಿಲ್ಲ. ರಾತ್ರಿ ದಾರಿ ತೋರಿಸೋಕೆ ನಕ್ಷತ್ರಗಳೇ ಗತಿ. ಇಳಿಯೋದರೊಳಗೆ ಸೂರ್ಯ ಎರಡು ಸಲ ಹುಟ್ಟಿರ್ತಿದ್ದ.

1945ರವರೆಗೆ 271 ಸಲ ಹೀಗೆ ಸಮುದ್ರ ದಾಟಿದ್ರು. ಶತ್ರುಗಳ ಕೈಗೆ ಒಂದು ವಿಮಾನವೂ ಸಿಗಲಿಲ್ಲ.

2018ರಲ್ಲಿ ಶುರುವಾದ ಪರ್ತ್–ಲಂಡನ್ ನೇರ ವಿಮಾನ ಸುಮಾರು 14,500 ಕಿ.ಮೀ. ದೂರವನ್ನ 17 ಗಂಟೆಯಲ್ಲಿ ಮುಗಿಸುತ್ತೆ. ಟಿಕೆಟ್ ನೋಡ್ತಾ ಗಂಟೆ ಲೆಕ್ಕ ಹಾಕುವಾಗ ಆ ಮೂರು ಸೀಟು ನೆನಪಿರಲಿ.